ಜರ್ನಲ್‌ಗಳು ತೆರೆಯದ ವರ್ಷ

ಹೈದರಾಬಾದಿನ ಗಚ್ಚಿಬೌಲಿಯಲ್ಲಿ ಈಗಲೂ ಎಲ್ಲಾದರೊಂದು ಕಡೆ ಬಂಡೆ ಸಿಡಿಸುತ್ತಿರುತ್ತಾರೆ. ಕಳೆದ ತಿಂಗಳು ಪರಿಚಿತರೊಬ್ಬರ ಫ್ಲ್ಯಾಟು ಹುಡುಕಿಕೊಂಡು ಹೋದಾಗ ಮದ್ದಿನ ವಾಸನೆ ಕ್ಯಾಬಿನೊಳಗೆ ನುಗ್ಗಿತು. ಚಾಲಕ ಬೈಯುತ್ತ ಗಾಜು ಏರಿಸಿದ. ಆ ವಾಸನೆ ಬಂದರೆ ನನಗೆ ಒಂದೇ ವರ್ಷ ನೆನಪಾಗುತ್ತದೆ. ಊರಿನ ಪಶ್ಚಿಮದ ಬಂಡೆಗಳೆಲ್ಲ ಪುಡಿಯಾಗಿ ಗಾಜಿನ ಕಟ್ಟಡಗಳು ಏಳುತ್ತಿದ್ದ, ಕೇಬಲ್ ಹಾಕಲು ರಸ್ತೆಗಳನ್ನೆಲ್ಲ ಅಗೆದುಹಾಕಿದ್ದ ಆ ವರ್ಷ, ನಮ್ಮ ಸಂಸ್ಥೆಯ ಗ್ರಂಥಾಲಯದಲ್ಲಿ ಜರ್ನಲ್‌ಗಳು ತೆರೆಯುವುದು ನಿಂತುಹೋಯಿತು.

ನಾನು ಹುಬ್ಬಳ್ಳಿಯಲ್ಲಿ ಪತ್ರಿಕೆಯೊಂದರ ಡೆಸ್ಕಿನಲ್ಲಿ ಕೆಲಸ ಮಾಡಿ, ಅದು ಸಾಕಾಗಿ, ಹೈದರಾಬಾದಿನ ಒಂದು ಸಣ್ಣ ಸಂಶೋಧನಾ ಸಂಸ್ಥೆಗೆ ಪ್ರಕಟಣೆಗಳ ಅಧಿಕಾರಿಯಾಗಿ ಸೇರಿದ್ದೆ. ವಾರ್ಷಿಕ ವರದಿ, ತಿಂಗಳ ವಾರ್ತಾಪತ್ರ ನನ್ನ ಹೊಣೆ. ಬೇರೆಲ್ಲೂ ಜಾಗವಿಲ್ಲದ್ದರಿಂದ ಗ್ರಂಥಾಲಯದ ಮೂಲೆಯಲ್ಲಿ ನನಗೊಂದು ಮೇಜು ಹಾಕಿದ್ದರು. ಹೀಗಾಗಿ ಆ ವರ್ಷ ಅಲ್ಲಿ ನಡೆದ ಬಹುಪಾಲನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಾಣದ್ದನ್ನು ಇಲ್ಲಿ ಬರೆದಿಲ್ಲ.

ಗ್ರಂಥಪಾಲಕಿ ಮಹಾನಂದಾ ಹಿರೇಮಠ. ಆಳಂದದ ಕಡೆಯವರು. ಗಟ್ಟಿ ದನಿ, ಚೂಪು ನಾಲಿಗೆ. ಎಲ್ಲರಿಗೂ ಮಹಾನಂದಕ್ಕ. ನನ್ನನ್ನು ಕೊನೆಯವರೆಗೂ 'ಪತ್ರಕರ್ತರ' ಎಂದೇ ಕರೆದರು. ಯಾರಾದರೂ ಒಂದು ಲೇಖನ ಕೇಳಿದರೆ ಅವರು ಮೊದಲು ವರ್ಷ ಹೇಳುತ್ತಿದ್ದರು, ಆಮೇಲೆ ಸಂಪುಟ, ಆಮೇಲೆ ಪುಟ. ಅದೆಲ್ಲ ಹೇಳಿದ ಮೇಲೆಯೇ ಎದ್ದು ಕಪಾಟಿನತ್ತ ನಡೆಯುತ್ತಿದ್ದರು.

ಆ ಕಪಾಟುಗಳು ಬೇಸಿಗೆಯಲ್ಲಿ ಖಾಲಿಯಾದವು. ನಲವತ್ತು ವರ್ಷಗಳ ಜರ್ನಲ್‌ಗಳನ್ನು ನೀಲಿ ರೆಕ್ಸಿನ್ ಹೊದಿಸಿ ಜೋಡಿಸಿಟ್ಟಿದ್ದ ಹಾಲ್ ಅದು. ಪ್ರಕಾಶಕರು ಹೊಸ ಸಂಚಿಕೆಗಳ ಜೊತೆಗೆ ಹಳೆಯ ಸಂಪುಟಗಳನ್ನೂ ಅಂತರ್ಜಾಲದಲ್ಲಿ ಕೊಡತೊಡಗಿದ್ದರು. ಎಲ್ಲವೂ ತೆರೆಯ ಮೇಲೆ ಸಿಗುವಾಗ ಇಷ್ಟು ಜಾಗ ಏಕೆ ಎಂದು ನಿರ್ದೇಶಕರು ಕೇಳಿದರು. ಹಾಲನ್ನು ಕಂಪ್ಯೂಟರ್ ಕೇಂದ್ರ ಮಾಡುವುದೆಂದು ತೀರ್ಮಾನವಾಯಿತು. ಊರ ಹೊರಗೆ ಹೊಸದಾಗಿ ತೆರೆದ ಎಂಜಿನಿಯರಿಂಗ್ ಕಾಲೇಜೊಂದು ಸಂಪುಟಗಳನ್ನು ಉಚಿತವಾಗಿ ಒಯ್ಯಲು ಮುಂದೆ ಬಂತು. ಮಹಾನಂದಕ್ಕ ಎರಡು ಸಭೆಗಳಲ್ಲಿ ವಿರೋಧಿಸಿ, ಮೂರನೆಯದರಲ್ಲಿ ಸಹಿ ಹಾಕಿದರು. ಲಾರಿ ಹೊರಟಾಗ ಮೆಟ್ಟಿಲ ಮೇಲೆ ನಿಂತಿದ್ದರು.

"ಮಗಳ್ನ ಕೊಟ್ಟಂಗಾತ್ ನೋಡ್ರಿ ಪತ್ರಕರ್ತರ. ಹುಡುಗನ ಮನಿ ಹೆಂಗೈತೋ ಏನೋ, ನೋಡ್ಲಾರ್ದ ಕೊಟ್ಟೀವಿ" ಎಂದರು.

ಇಲ್ಲಿ ಒಂದು ವಿವರ ಬೇಕು. ಆಗ ಈ ಜರ್ನಲ್‌ಗಳಿಗೆ ಪಾಸ್‌ವರ್ಡ್ ಇರಲಿಲ್ಲ. ಸಂಸ್ಥೆಯ ಇಂಟರ್ನೆಟ್ ಸಂಪರ್ಕಕ್ಕೆ ಅಂಕಿಗಳ ಒಂದು ವಿಳಾಸವಿರುತ್ತದೆ. ಚಂದಾ ಕಟ್ಟುವಾಗ ಅದನ್ನು ಪ್ರಕಾಶಕರಿಗೆ ಕೊಟ್ಟಿರಬೇಕು. ಆ ವಿಳಾಸದಿಂದ ಬಂದ ಯಾರಿಗೇ ಆಗಲಿ ಪುಟ ತೆರೆಯುತ್ತದೆ, ಮೇಲ್ತುದಿಯಲ್ಲಿ ಸಂಸ್ಥೆಯ ಹೆಸರು ಕಾಣುತ್ತದೆ. ಬೇರೆ ವಿಳಾಸದಿಂದ ಬಂದವರಿಗೆ ಲೇಖನದ ತಲೆಬರಹ ಮತ್ತು ಬೆಲೆ ಮಾತ್ರ.

ಮಳೆ ಶುರುವಾದ ಹೊಸದರಲ್ಲಿ ನಮಗೆ ಹೊಸ ಕೇಬಲ್ ಸಂಪರ್ಕ ಬಂತು. ನೆಟ್‌ವರ್ಕ್ ವಿಭಾಗದ ಪ್ರಸಾದ್ ಒಂದು ಭಾನುವಾರ ಹಳೆಯ ಕಂಪನಿಯ ಸಂಪರ್ಕ ಕಿತ್ತು ಹೊಸ ಕಂಪನಿಯದನ್ನು ಜೋಡಿಸಿ, ಸೋಮವಾರ ಬೆಳಿಗ್ಗೆ ಎಲ್ಲ ವಿಭಾಗಗಳಿಗೂ ಲಡ್ಡು ಹಂಚಿದರು. ಅದೇ ಬೆಳಿಗ್ಗೆ ಜರ್ನಲ್‌ಗಳು ಮುಚ್ಚಿಕೊಂಡವು. ವಿಳಾಸ ಬದಲಾಗಿತ್ತು. ಬದಲಾಗುತ್ತದೆಂದು ಗ್ರಂಥಾಲಯಕ್ಕೆ ಯಾರೂ ಹೇಳಿರಲಿಲ್ಲ.

"ಅರೇ ಮೇಡಂ, ಸ್ಪೀಡ್ ದೇಖೋ ನಾ!" ಎಂದರು ಪ್ರಸಾದ್, ಇನ್ನೊಂದು ಲಡ್ಡು ಚಾಚುತ್ತ.

"ಸ್ಪೀಡ್ ತಗೊಂಡು ಏನ್ ಮಾಡ್ಲಿ ಪ್ರಸಾದ್ ಗಾರು? ಬಾಗ್ಲಾ ಹಾಕಿದ ಮನೀಗೆ ಓಡ್ಕೋತ ಹೋಗ್ಲ್ಯಾ?"

ಹೊಸ ವಿಳಾಸ ಬರೆದುಕೊಡಿ ಎಂದು ಕೇಳಿದಾಗ ಪ್ರಸಾದ್ ತಮ್ಮ ಕಂಪ್ಯೂಟರಿನಲ್ಲಿ ಕಂಡ ಅಂಕಿಗಳನ್ನೇ ಬರೆದುಕೊಟ್ಟರು. ಅದು ನಮ್ಮ ಕಟ್ಟಡದೊಳಗಿನ ವಿಳಾಸ. ಮನೆ ಎಲ್ಲಿ ಎಂದು ಕೇಳಿದವರಿಗೆ 'ಅಡುಗೆಮನೆಯ ಪಕ್ಕ' ಎಂದಂತೆ. ಅಂಥ ಅಂಕಿಗಳು ಊರಿನ ಪ್ರತಿ ಕಚೇರಿಯಲ್ಲೂ ಇರುತ್ತವೆ. ಪ್ರಕಾಶಕರು ಅದನ್ನು ತಿರಸ್ಕರಿಸಿದರು. ಪ್ರಸಾದ್ ಅದೇ ಅಂಕಿಗಳನ್ನು ಮತ್ತೊಮ್ಮೆ, ಈ ಸಲ ದಪ್ಪ ಅಕ್ಷರಗಳಲ್ಲಿ ಕಳಿಸಿದರು. ಆಷಾಢ ಹಾಗೆ ಕಳೆಯಿತು.

ವಿಚಿತ್ರವೆಂದರೆ, ಪ್ರಕಾಶಕರ ದೆಹಲಿಯ ಏಜೆಂಟರು ನಮ್ಮ ದೂರನ್ನು ನಂಬಲಿಲ್ಲ. ನಿಮ್ಮ ಸಂಸ್ಥೆಯವರು ಹಿಂದೆಂದೂ ಇಷ್ಟು ಓದಿದ್ದಿಲ್ಲ, ಬಳಕೆ ತಿಂಗಳಿಂದ ತಿಂಗಳಿಗೆ ಏರುತ್ತಿದೆ, ಅಭಿನಂದನೆಗಳು ಎಂದು ಉತ್ತರ ಬರೆದರು. ನಿರ್ದೇಶಕರು ಆ ಮಾತನ್ನು ಸಭೆಯಲ್ಲಿ ಓದಿ ಹೇಳಿ, ಮಹಾನಂದಕ್ಕನ ಕಡೆ ನೋಡಿದರು. "ಮೇಡಂ, ಹಾಗಾದರೆ ಓದುತ್ತಿರುವವರು ಯಾರು?" ಸಭೆ ಮುಗಿದ ಮೇಲೆ ಅವರು ಒಬ್ಬೊಬ್ಬರನ್ನೇ ಕೇಳುತ್ತ ಹೋದರು. ಹಳೆಯ ಅಭ್ಯಾಸದಂತೆ ನಾನೂ ವಿಭಾಗದಿಂದ ವಿಭಾಗಕ್ಕೆ ಹೋಗಿ ಕೇಳಿದೆ. ಯಾರೂ ಓದುತ್ತಿರಲಿಲ್ಲ. ಬಹಳ ಮಂದಿಗೆ ಜರ್ನಲ್ ನಿಂತಿರುವುದೇ ಗೊತ್ತಿರಲಿಲ್ಲ.

ಗೊತ್ತಿದ್ದವಳು ನಸ್ರೀನ್. ಬೀದರಿನ ಹುಡುಗಿ, ಪಿಎಚ್‌.ಡಿ.ಯ ಕೊನೆಯ ವರ್ಷ. ಅವಳ ಕಡೆಯ ಕೆಲವು ಹಳ್ಳಿಗಳಲ್ಲಿ ಬಾವಿನೀರಿನ ಫ್ಲೋರೈಡಿನಿಂದ ಮಕ್ಕಳ ಹಲ್ಲು ಕಂದಾಗುತ್ತವೆ. ಅವಳದೂ ಹಾಗೇ ಇದ್ದವು. ನಗುವಾಗ ಕೈ ಅಡ್ಡ ಹಿಡಿಯುತ್ತಿದ್ದಳು. ಬೀದರಿನ ಕೆಂಪು ಕಲ್ಲನ್ನು ಒಂದು ಹದಕ್ಕೆ ಸುಟ್ಟು, ಪುಡಿಮಾಡಿ, ಆ ಪುಡಿಯಿಂದ ನೀರಿನ ಫ್ಲೋರೈಡ್ ಇಳಿಸುವ ವಿಧಾನವೊಂದನ್ನು ಅವಳು ಕಂಡುಕೊಂಡಿದ್ದಳು. ಪ್ರಬಂಧದ ಜೀವ ಇದ್ದದ್ದು ಆ ಅಧ್ಯಾಯದಲ್ಲಿ. ಅದು ಒಪ್ಪಿಗೆಯಾದರೆ ಮುಂದಿನ ವರ್ಷ ಆ ಹಳ್ಳಿಗಳಲ್ಲೇ ಪ್ರಯೋಗ ಮಾಡಲು ಸಂಸ್ಥೆ ಒಪ್ಪಿತ್ತು. ನಡೆಸುವವಳು ಅವಳೇ.

ಶ್ರಾವಣದಲ್ಲಿ ಅವಳ ಕೊನೆಯ ಸೆಮಿನಾರ್ ಆಯಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಹಿರಿಯ ಪ್ರೊಫೆಸರೊಬ್ಬರು ಕೊನೆಯಲ್ಲಿ ಕೈ ಎತ್ತಿದರು. ಇದನ್ನು ಬಹಳ ಹಿಂದೆಯೇ ಯಾರೋ ಮಾಡಿದ್ದಾರೆ ಎಂದರು. ಒಂದು ಜರ್ನಲ್ಲಿನ ಹೆಸರು ಹೇಳಿದರು. "ವರ್ಷ ನೆನಪಿಲ್ಲಮ್ಮ. ನಾನು ಓದಿದ ನೆನಪು. ನೋಡಿಕೊಂಡು ಬಿಡು."

ಅವರಿಗೆ ಅದು ಅರ್ಧ ನಿಮಿಷದ ಮಾತು. ನಸ್ರೀನಳ ಮಾರ್ಗದರ್ಶಕರು ಮಾತ್ರ ಅಲ್ಲಾಡಿಹೋದರು. ಆ ಲೇಖನ ಇದ್ದರೆ ಉಲ್ಲೇಖಿಸಬೇಕು, ಇಲ್ಲವಾದರೆ ಇಲ್ಲವೆಂದು ಖಚಿತವಾಗಬೇಕು, ಎರಡೂ ಆಗದಿದ್ದರೆ ಅಧ್ಯಾಯ ತೆಗೆಯಬೇಕು ಎಂದರು. ಸಲ್ಲಿಕೆಯ ಗಡುವು ಡಿಸೆಂಬರ್ ಕೊನೆ. ಅದಾಗಲೇ ಒಮ್ಮೆ ವಿಸ್ತರಿಸಿದ ಗಡುವು.

ಇದ್ದದ್ದನ್ನು ತೋರಿಸಲು ಒಂದು ಪುಟ ಸಾಕು. ಇಲ್ಲ ಎಂದು ಹೇಳಬೇಕಾದರೆ ನಲವತ್ತು ವರ್ಷವನ್ನೂ ತಿರುವಬೇಕು. ತಲೆಬರಹ ನೋಡಿದರೆ ತಿಳಿಯುವಂತಿಲ್ಲ, ಯಾವುದೋ ಸಣ್ಣ ಟಿಪ್ಪಣಿಯ ಒಳಗೂ ಇರಬಹುದು. ಆ ಜರ್ನಲ್ಲನ್ನು ಮೊದಲಿನಿಂದ ತರಿಸಿದ್ದು ಊರಲ್ಲಿ ನಮ್ಮ ಗ್ರಂಥಾಲಯ ಒಂದೇ. ಬೇರೆ ಎರಡು ಕಡೆ ಅಲ್ಲೊಂದು ಇಲ್ಲೊಂದು ಸಂಪುಟವಿತ್ತು. ನಸ್ರೀನ್ ಅವನ್ನೆಲ್ಲ ನಿಂತುಕೊಂಡೇ ಓದಿ ಮುಗಿಸಿದಳು. ಸಿಗಲಿಲ್ಲ. ಆದರೆ ಉಳಿದವುಗಳಲ್ಲಿ ಇರಬಹುದಿತ್ತು. ಸಂಪುಟಗಳನ್ನು ಒಯ್ದ ಕಾಲೇಜು ಮಹಾನಂದಕ್ಕನ ಪತ್ರಗಳಿಗೆ ಉತ್ತರಿಸಿರಲಿಲ್ಲ, ಪುಟ ಇವತ್ತಲ್ಲ ನಾಳೆ ತೆರೆಯುತ್ತದೆಂದು ಎಲ್ಲರೂ ಕಾಯುತ್ತಿದ್ದೆವು.

ಪ್ರತಿ ಬೆಳಿಗ್ಗೆ ಅವಳು ಗ್ರಂಥಾಲಯಕ್ಕೆ ಬಂದು ಒಂದೇ ಪುಟ ತೆರೆಯುತ್ತಿದ್ದಳು. ಬೆಲೆ ಕಾಣುತ್ತಿತ್ತು. ಮುಚ್ಚುತ್ತಿದ್ದಳು.

"ಚಾ ಕುಡದಿ ಏನ್ ಬೇಟಾ?" ಎಂದು ಮಹಾನಂದಕ್ಕ ಕೇಳುತ್ತಿದ್ದರು.

"ಆತ್ರೀ ಅಕ್ಕಾ."

"ಸುಳ್ಳ ಹೇಳ್ಬ್ಯಾಡ. ಮುಖಾ ನೋಡು, ಉಪಾಸದ ಮುಖಾ."

ನವರಾತ್ರಿಯ ಒಂದು ಭಾನುವಾರ ಮಹಾನಂದಕ್ಕ ನಮ್ಮಿಬ್ಬರನ್ನೂ ಮನೆಗೆ ಊಟಕ್ಕೆ ಕರೆದರು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಅವರ ಅಣ್ಣನ ಮಗ ಬಸವರಾಜನೂ ಬಂದಿದ್ದ. ಗಚ್ಚಿಬೌಲಿಯ ಹೊಸ ಕಂಪನಿಯೊಂದರಲ್ಲಿ ಕೆಲಸ. ವಿದೇಶದ ಔಷಧ ಕಂಪನಿಗಾಗಿ ಹಳೆಯ ಸಂಶೋಧನಾ ಲೇಖನಗಳಿಂದ ಮಾಹಿತಿ ಆರಿಸಿ ಕಂಪ್ಯೂಟರಿಗೆ ತುಂಬುವುದು ಅವರ ತಂಡದ ಕಸುಬು. ಎರಡನೆಯ ರೊಟ್ಟಿ ಮುರಿಯುತ್ತ ಅವನು ನಗುತ್ತಲೇ ಹೇಳಿದ:

"ಅತ್ತೀ, ನಮ್ಮ ಆಫೀಸಿನ್ಯಾಗ ನಿಮ್ಮ ಸಂಸ್ಥೆ ಭಾಳ ಫೇಮಸ್ ಐತಿ. ಯಾವ ಜರ್ನಲ್ ತಗದ್ರೂ ಮ್ಯಾಲ ನಿಮ್ಮ ಹೆಸರ ಬರ್ತೈತಿ. ನೀವೇನರ ನಮ್ಮ ಕಂಪನಿ ಜೋಡಿ ಕರಾರ ಮಾಡ್ಕೊಂಡೀರೇನು?"

ಮಹಾನಂದಕ್ಕ ಬಡಿಸುತ್ತಿದ್ದ ಕೈ ತಡೆದರು. ನಾನು ಅವನ ಕಂಪನಿಗೆ ಇಂಟರ್ನೆಟ್ ಕೊಟ್ಟವರು ಯಾರೆಂದು ಕೇಳಿದೆ. ನಮಗೆ ಹಿಂದೆ ಕೊಡುತ್ತಿದ್ದವರೇ. ನಾವು ಬಿಟ್ಟ ವಿಳಾಸವನ್ನು ಅವರು ಮುಂದಿನ ಗಿರಾಕಿಗೆ ಕೊಟ್ಟಿದ್ದರು. ಖಾಲಿಯಾದ ಮನೆಗೆ ಹೊಸ ಬಾಡಿಗೆದಾರ ಬಂದ ಹಾಗೆ. ನಮ್ಮ ಚಂದಾದಲ್ಲಿ ಅವರು ಓದುತ್ತಿದ್ದರು. ಏಜೆಂಟರ ಅಭಿನಂದನೆಗಳು ನಿಜವಾಗಿ ಸಲ್ಲಬೇಕಾದದ್ದು ಅವರಿಗೆ.

ನಸ್ರೀನ್ ತಟ್ಟೆಯಿಂದ ಮುಖವೆತ್ತಿದಳು. "ಬಸವಣ್ಣಾ, ನಾ ಒಂದ್ ಜರ್ನಲ್ ಹೆಸರ ಹೇಳ್ಲ್ಯಾ?"

"ಹೇಳ್ರಿ. ನಾಳೆ ಸಂಜೀಕ ಎಲ್ಲಾ ಪೆನ್ ಡ್ರೈವಿನ್ಯಾಗ ಹಾಕ್ಕೊಂಡ್ ಬರ್ತೀನಿ. ನಲವತ್ ವರ್ಷದ್ದು ಅಂದ್ರೂ ಏನ್ ಮಹಾ."

"ಕಳುವಿನ ಮಾಲ್ ಆಗಾಂಗಿಲ್ಲೇನೋ ಅದು?" ಎಂದರು ಮಹಾನಂದಕ್ಕ. ನಿಯಮ ಮುರಿದ ಅಭ್ಯಾಸ ಅವರಿಗಿರಲಿಲ್ಲ.

"ನಿಮ್ಮ ಮಾಲ್ ನೀವ ಕದ್ರ ಅದೆಂಥಾ ಕಳುವು, ಅತ್ತೀ?"

ಮಹಾನಂದಕ್ಕ ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು. ಅದೇ ಒಪ್ಪಿಗೆ. ಆ ಮಧ್ಯಾಹ್ನ ನಸ್ರೀನ್ ಕೈ ಅಡ್ಡ ಹಿಡಿಯದೆ ನಕ್ಕಳು. ಇಡೀ ವರ್ಷದಲ್ಲಿ ನಾನದನ್ನು ಕಂಡದ್ದು ಆಗ ಮಾತ್ರ.

ಸೋಮವಾರ ಸಂಜೆ ಬಸವರಾಜ ಬರಿಗೈಯಲ್ಲಿ ಬಂದ. ಅವನ ತಂಡದವರು ಲೇಖನಗಳನ್ನು ಒಂದೊಂದಾಗಿ ಇಳಿಸಿಕೊಂಡು ಬೇಸತ್ತು, ತಾನಾಗಿಯೇ ಇಳಿಸಿಕೊಳ್ಳುವ ಪ್ರೋಗ್ರಾಂ ಬರೆದು, ವಾರದ ಕೊನೆಗೆ ಓಡಲು ಬಿಟ್ಟು ಮನೆಗೆ ಹೋಗಿದ್ದರು. ಅದು ಕಪಾಟುಗಟ್ಟಲೆ ಬಾಚುತ್ತ ಹೋಗಿ, ಪ್ರಕಾಶಕರ ಕಣ್ಣಿಗೆ ಬಿದ್ದಿತ್ತು. ಆ ವಿಳಾಸಕ್ಕೆ ಬಾಗಿಲು ಮುಚ್ಚಿತು.

"ಮುಂಜಾನಿ ಹೋಗಿ ನೋಡಿದ್ರ ಬಂದ್, ಅತ್ತೀ. ನಮ್ಮವ್ರು ಔಷಧದ್ದಷ್ಟ ಇಳಿಸ್ಯಾರ. ನೀರಿಂದು ಇಲ್ಲ" ಎಂದ. ಚಹಾ ಕೊಟ್ಟರೂ ಕುಡಿಯಲಿಲ್ಲ.

ಮರುದಿನ ಪ್ರಕಾಶಕರ ಸೂಚನೆ ಬಂತು. ಸಂಸ್ಥೆಯ ವಿಳಾಸದಿಂದ ಕರಾರಿಗೆ ವಿರುದ್ಧವಾಗಿ ಸಗಟು ನಕಲು ನಡೆದಿದೆ. ತಪ್ಪಿತಸ್ಥರನ್ನು ಗುರುತಿಸಿ, ಕ್ರಮ ಕೈಗೊಂಡು, ಮುಚ್ಚಳಿಕೆ ಬರೆದುಕೊಡುವವರೆಗೆ ಚಂದಾ ಅಮಾನತು. ಹೊಸ ವಿಳಾಸದ ಕೋರಿಕೆಯನ್ನೂ ಅಲ್ಲಿಯವರೆಗೆ ಪರಿಗಣಿಸುವುದಿಲ್ಲ. ಮಹಾನಂದಕ್ಕ ಬಸವರಾಜನ ಕಂಪನಿಯ ವಿಷಯವನ್ನು ನಿರ್ದೇಶಕರಿಗೆ ಹೇಳಿದರು. ಯಾರು ಹೇಳಿದರು ಎಂಬ ಪ್ರಶ್ನೆ ಬಂತು. ಅಣ್ಣನ ಮಗ ಎಂದರು. ನಿರ್ದೇಶಕರ ಮುಖ ಬದಲಾದದ್ದನ್ನು ನಾನು ನೋಡಿದೆ. ಗ್ರಂಥಪಾಲಕಿಯ ಸಂಬಂಧಿ, ಗ್ರಂಥಾಲಯದ ಚಂದಾ, ಹೊರಗಿನ ಕಂಪನಿ. ಮೂರನ್ನೂ ಒಂದೇ ವಾಕ್ಯದಲ್ಲಿ ಇಟ್ಟರೆ ಏನು ಕಾಣುತ್ತದೋ ಅದೇ ಅವರಿಗೆ ಕಂಡಿತು. ವಿಚಾರಣಾ ಸಮಿತಿ ರಚನೆಯಾಯಿತು. ತಾಂತ್ರಿಕ ಸದಸ್ಯರು ಪ್ರಸಾದ್. ಮಹಾನಂದಕ್ಕನಿಗೆ ಮೆಮೊ ಬಂತು.

ಅವರು ಮೆಮೊ ಓದಿ ಡ್ರಾಯರಿಗೆ ಹಾಕಿ ನನ್ನ ಮೇಜಿನ ಹತ್ತಿರ ಬಂದರು. "ಪತ್ರಕರ್ತರ, ನಂದು ಆಮ್ಯಾಲ ನೋಡೂಣು. ಆ ಹುಡುಗಿಗಿ ಪುಸ್ತಕ ಬೇಕು. ಲಾರಿ ಎಲ್ಲಿಗಿ ಹೋತೋ ಅಲ್ಲಿಗಿ ನಾವೂ ಹೋಗೂಣು ನಡೀರಿ."

ನವೆಂಬರಿನಲ್ಲಿ ನಾವು ಮೂವರೂ ಆ ಕಾಲೇಜಿಗೆ ಹೋದೆವು. ಸುತ್ತ ಬಯಲು, ನಡುವೆ ನಾಲ್ಕಂತಸ್ತು, ಮೇಲಿನ ಎರಡಕ್ಕೆ ಇನ್ನೂ ಕಿಟಕಿಯಿಲ್ಲ. ಗ್ರಂಥಾಲಯದ ಕಪಾಟುಗಳು ಖಾಲಿ. ಅಲ್ಲಿದ್ದ ಗುಮಾಸ್ತರು ಒಳ್ಳೆಯ ಮನುಷ್ಯ, ಏನನ್ನೂ ಮುಚ್ಚಿಡಲಿಲ್ಲ. ಹೊಸ ಕಾಲೇಜಿಗೆ ಮಾನ್ಯತೆ ಬೇಕಾದರೆ ತಪಾಸಣೆಯ ದಿನ ಇಂತಿಷ್ಟು ಜರ್ನಲ್ ಸಂಪುಟ ಕಪಾಟಿನಲ್ಲಿ ಇರಬೇಕು. ತಪಾಸಣೆ ಮುಗಿಯಿತು, ಮಾನ್ಯತೆ ಬಂತು. ಈಗ ಸಂಪುಟಗಳು ಅದೇ ಆಡಳಿತ ಮಂಡಳಿಯ ಇನ್ನೊಂದು ಕಾಲೇಜಿನ ತಪಾಸಣೆಗೆ ಹೋಗಿವೆ ಎಂದರು. ಮದುವೆ ಮನೆಗಳಿಗೆ ಬಾಡಿಗೆ ಪಾತ್ರೆ ಹೋದಂತೆ ಎಂಬುದು ಅವರದೇ ಹೋಲಿಕೆ.

ಇನ್ನೊಂದು ಕಾಲೇಜಿಗೆ ಹೋದೆವು. ಅಲ್ಲಿಂದ ಮೂರನೆಯದಕ್ಕೆ ಕಳಿಸಿದರು. ಅದು ವಿಕಾರಾಬಾದ್ ರಸ್ತೆಯಲ್ಲಿತ್ತು. ಕಪಾಟಿನಲ್ಲಿ ನಮ್ಮ ನೀಲಿ ರೆಕ್ಸಿನ್ ದೂರದಿಂದಲೇ ಕಂಡಿತು. ಮಹಾನಂದಕ್ಕ ಬಹುತೇಕ ಓಡಿದರು. ಇದ್ದದ್ದು ಅರ್ಧ ಮಾತ್ರ. ತಪಾಸಕರು ಎಣಿಸುತ್ತಾರೆ, ತೆರೆಯುವುದಿಲ್ಲ. ಹಾಗಾಗಿ ದಪ್ಪ ಸಂಪುಟಗಳನ್ನು ಹೊಲಿಗೆಯಲ್ಲಿ ಸೀಳಿ, ಒಂದನ್ನು ಎರಡು ಮಾಡಿ, ಹೊಸ ಹೊದಿಕೆ ಹಾಕಿದ್ದರು. ಬೆನ್ನಿನ ಮೇಲೆ ಸಂಖ್ಯೆ ಇತ್ತು, ಒಳಗೆ ಬೇರೆ ವರ್ಷವಿತ್ತು. ಕೆಲವದರಲ್ಲಿ ಲೇಖನ ನಡುವೆಯೇ ಕಡಿದಿತ್ತು. ಉಳಿದರ್ಧ ಯಾವ ಕಾಲೇಜಿನ ಕಪಾಟಿನಲ್ಲಿದೆ ಎಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನಸ್ರೀನ್ ನೆಲದ ಮೇಲೆ ಕೂತು ಸಂಜೆಯವರೆಗೂ ತಿರುವಿದಳು. ಇದ್ದಷ್ಟರಲ್ಲಿ ಸಿಗಲಿಲ್ಲ. ಮಹಾನಂದಕ್ಕ ಕಪಾಟಿನ ಮುಂದೆ ನಿಂತೇ ಇದ್ದರು. ಒಂದು ಸಂಪುಟ ತೆಗೆದು, ಬೆನ್ನು ನೋಡಿ, ಒಳಗೆ ನೋಡಿ, ಇಟ್ಟರು. ಇನ್ನೊಂದನ್ನು ತೆಗೆಯಲಿಲ್ಲ.

ಮರಳುವಾಗ ಬಸ್ಸಿನಲ್ಲಿ, "ಕೊಂದಿದ್ರ ಅತ್ತು ಮಣ್ಣ ಮಾಡ್ತಿದ್ದೆ. ಇದಕ್ಕ ಏನ್ ಮಾಡ್ಬೇಕ್ರೀ?" ಎಂದು ಒಂದು ಸಲ ಕೇಳಿದರು.

ಡಿಸೆಂಬರ್ ಕೊನೆಯ ವಾರ ನಸ್ರೀನ್ ಪ್ರಬಂಧ ಸಲ್ಲಿಸಿದಳು. ಕೆಂಪು ಕಲ್ಲಿನ ಅಧ್ಯಾಯ ಅದರಲ್ಲಿರಲಿಲ್ಲ. ಉಳಿದದ್ದು ಯಾವ ಬಾವಿಯಲ್ಲಿ ಎಷ್ಟು ಫ್ಲೋರೈಡ್ ಇದೆ ಎಂಬ ಲೆಕ್ಕ. ಪದವಿಗೆ ಅಷ್ಟು ಸಾಕು ಎಂದರು ಮಾರ್ಗದರ್ಶಕರು. ಅಧ್ಯಾಯವಿಲ್ಲದ್ದರಿಂದ ಹಳ್ಳಿಗಳ ಪ್ರಯೋಗವನ್ನು ಸಂಸ್ಥೆ ಕೈಬಿಟ್ಟು, ಅವಳಿಗೆಂದಿದ್ದ ಹುದ್ದೆಯನ್ನು ಬೇರೆ ಯೋಜನೆಗೆ ಕೊಟ್ಟಿತು. ಅವಳಿಗೆ ಬೀದರಿನ ಖಾಸಗಿ ಕಾಲೇಜೊಂದರಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು.

ಜನವರಿಯಲ್ಲಿ, ನಾಂಪಲ್ಲಿಯಲ್ಲಿ ಪ್ರತಿ ವರ್ಷದ ಎಕ್ಸಿಬಿಷನ್ ನಡೆದಿದ್ದಾಗ, ವಿಚಾರಣೆ ಮುಗಿಯಿತು. ತಪ್ಪು ಯಾರದೂ ಅಲ್ಲ, ಸಮನ್ವಯದ ಕೊರತೆ ಎಂದು ಸಮಿತಿ ಬರೆಯಿತು. ನಿರ್ದೇಶಕರು ಮುಚ್ಚಳಿಕೆಗೆ ಸಹಿ ಹಾಕಿದರು. ಸರಿಯಾದ ವಿಳಾಸ ಹೋಯಿತು. ಒಂದು ಬೆಳಿಗ್ಗೆ ಪುಟ ತೆರೆಯಿತು, ಮೇಲೆ ನಮ್ಮ ಹೆಸರಿತ್ತು. ಯಾರೂ ಲಡ್ಡು ಹಂಚಲಿಲ್ಲ.

ಮಹಾನಂದಕ್ಕ ಅವತ್ತೇ ಮೊದಲ ಸಂಪುಟದಿಂದ ಹುಡುಕತೊಡಗಿದರು. ಅರ್ಧ ಅವರು ನೋಡಿದರು, ಅರ್ಧ ನಾನು. ಆಮೇಲೆ ಅದಲು ಬದಲು ಮಾಡಿಕೊಂಡು ಮತ್ತೊಮ್ಮೆ ನೋಡಿದೆವು. ಸಂಚಿಕೆಯಿಂದ ಸಂಚಿಕೆಗೆ, ಸಣ್ಣ ಟಿಪ್ಪಣಿಗಳನ್ನೂ ಬಿಡದೆ. ಕೆಂಪು ಕಲ್ಲಿನ ಆ ಕೆಲಸವನ್ನು ನಲವತ್ತು ವರ್ಷಗಳಲ್ಲಿ ಯಾರೂ ಮಾಡಿರಲಿಲ್ಲ. ನಾನು ಆ ಹಿರಿಯ ಪ್ರೊಫೆಸರರನ್ನು ಕಾರಿಡಾರಿನಲ್ಲಿ ತಡೆದು ಹೇಳಿದೆ. ಅವರಿಗೆ ನೆನಪು ಮಾಡಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. "ಹೌದಾ? ಹಾಗಾದರೆ ಬೇರೆ ಜರ್ನಲ್ ಇರಬೇಕು. ಅಥವಾ ಅದು ಬೇರೆ ಕಲ್ಲೋ ಏನೋ" ಎಂದು ಮೀಟಿಂಗಿಗೆ ಹೋದರು.

ಆ ವಾರದ ಕೊನೆಗೆ ನಸ್ರೀನ್ ಗ್ರಂಥಾಲಯದ ಬಾಕಿ-ಇಲ್ಲ ಪತ್ರಕ್ಕೆ ಬಂದಳು. ಸಾಮಾನು ಕಟ್ಟಿಯಾಗಿತ್ತು, ಮಧ್ಯಾಹ್ನ ಬೀದರಿನ ಬಸ್ಸು. ಮಹಾನಂದಕ್ಕ ಮುದ್ರೆ ಒತ್ತಿದರು, ಸಹಿ ಮಾಡಿದರು. ಅವಳು ಹೊರಡಲಿಲ್ಲ. ತೆರೆಯ ಮೇಲಿದ್ದ ಪುಟವನ್ನು ನೋಡುತ್ತಿದ್ದಳು.

"ತಗೀತೇನ್ರೀ ಅಕ್ಕಾ?"

"ಹೂಂ, ತಗೀತು."

"ನೋಡಿದ್ರೇನು? ಇತ್ತಾ?"

ನಾನು ಮೇಜಿನ ಮೇಲಿನ ಪ್ರೂಫಿನಿಂದ ತಲೆ ಎತ್ತಲಿಲ್ಲ. ಮಹಾನಂದಕ್ಕ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು.

"ಇತ್ತು ಬೇಟಾ" ಎಂದರು. "ಭಾಳ ಹಿಂದಕ್ಕ ಮಾಡ್ಯಾರ. ನೀ ತಗದಿದ್ದ ಚೊಲೋ ಆತು."

ನಸ್ರೀನಳ ಹೆಗಲು ಇಳಿದದ್ದು ಕಂಡಿತು. "ಸದ್ಯ" ಎಂದಳು. "ನಾನ ಸುಮ್ನ ಹೆದರಿ ತಗದೆ ಅಂತ ಮನಸಿನ್ಯಾಗ ಕೊರೀತಿತ್ರೀ." ಚೀಲದಿಂದ ಪೆನ್ನು ತೆಗೆದಳು. ಬಾಕಿ-ಇಲ್ಲ ಪತ್ರದ ಹಿಂಬದಿಯನ್ನು ಮೇಲೆ ಮಾಡಿದಳು. "ಯಾವ ವರ್ಷದ್ದು ಅಕ್ಕಾ? ಪುಟ ಎಷ್ಟು? ಬರ್ಕೋತೀನಿ ಹೇಳ್ರಿ. ಒಮ್ಮಿ ಓದಿ ನೋಡ್ಬೇಕು, ಅವ್ರು ಎಷ್ಟ್ ಹದಕ್ಕ ಸುಟ್ಟಾರ ಅಂತ."

ಮಹಾನಂದಕ್ಕ ಬಾಯಿ ತೆರೆದರು. ಕೇಳಿದ್ದಕ್ಕೆಲ್ಲ ವರ್ಷ, ಸಂಪುಟ, ಪುಟ ಹೇಳುತ್ತ ಬಂದ ಹೆಂಗಸಿಗೆ ಒಂದು ಸುಳ್ಳು ಸಂಖ್ಯೆ ಹುಟ್ಟಲಿಲ್ಲ.

"ಈಗ್ಯಾಕ ಬಿಡು ಬೇಟಾ, ಬಸ್ ತಪ್ಪತೈತಿ."

ನಸ್ರೀನ್ ಅವರ ಮುಖವನ್ನೇ ನೋಡಿದಳು. ಆಮೇಲೆ ನನ್ನತ್ತ ತಿರುಗಿದಳು. ನಾನು ತಲೆ ಎತ್ತಲೇಬೇಕಾಯಿತು. ಅವಳು ನಿಧಾನವಾಗಿ ಪೆನ್ನಿನ ಮುಚ್ಚಳ ಹಾಕಿದಳು.

"ಇರ್ಲಿಲ್ಲಾ?" ಎಂದಳು.

ಮಹಾನಂದಕ್ಕ ಮತ್ತೆ ಕನ್ನಡಕ ಒರೆಸತೊಡಗಿದರು. ಅವಳು ಬಗ್ಗಿ ಮಹಾನಂದಕ್ಕನ ಕಾಲು ಮುಟ್ಟಿ, ಚೀಲ ಹೆಗಲಿಗೇರಿಸಿಕೊಂಡು ಮೆಟ್ಟಿಲಿಳಿದು ಹೋದಳು. ಮುದ್ರೆ ಒತ್ತಿದ ಪತ್ರ ಮೇಜಿನ ಮೇಲೇ ಉಳಿದಿತ್ತು. ಅದಿಲ್ಲದೆ ಕಚೇರಿಯವರು ಅವಳನ್ನು ಬಿಡುಗಡೆ ಮಾಡುವುದಿಲ್ಲ ಎಂದು ನೆನಪಾಗಿ, ನಾನೇ ಅದನ್ನು ಹಿಡಿದುಕೊಂಡು ಗೇಟಿನವರೆಗೆ ಓಡಿದೆ.